ಕೀಲುಬೊಂಬೆಯ ಜೊತೆಗೆ ಹೆಜ್ಜೆ

ಕೋಲಾಟವನ್ನು ನೋಡಿದವರಿಗೆಲ್ಲ ಗೊತ್ತಿರುವ, ಆದರೆ ಯಾರೂ ನಿಂತು ಯೋಚಿಸದ ಸಂಗತಿಯೊಂದಿದೆ. ಇಬ್ಬರು ಆಟಗಾರರ ಕೋಲುಗಳು ನಡುಗಾಳಿಯಲ್ಲಿ ಒಂದನ್ನೊಂದು ತಾಗುತ್ತವೆ. ಕೈ ಬೀಸತೊಡಗಿದ ಗಳಿಗೆಯಲ್ಲಿ, ತಾಗಬೇಕಾದ ಆ ಜಾಗದಲ್ಲಿ ಇಬ್ಬರ ಕೋಲೂ ಇರುವುದಿಲ್ಲ. ಎದುರಿನವನ ಕೋಲು ಬಂದುದನ್ನು ಕಂಡು ಆಮೇಲೆ ನನ್ನದನ್ನು ಬೀಸುತ್ತೇನೆಂದು ಒಬ್ಬನು ಹಟ ಹಿಡಿದರೆ ಆಟ ಅಲ್ಲಿಗೇ ಕೆಟ್ಟಿತು. ಕಣ್ಣು ಕಂಡುದಕ್ಕೆ ಕೈ ಉತ್ತರ ಕೊಡಲು ಹೆಚ್ಚುಕಡಿಮೆ ಒಂದು ಸೆಕೆಂಡಿನ ಐದರಲ್ಲೊಂದು ಪಾಲು ಹಿಡಿಯುತ್ತದೆ. ಅಷ್ಟರಲ್ಲಿ ತಾಳ ಮುಂದೆ ಸರಿದಿರುತ್ತದೆ. ಆದ್ದರಿಂದ ಆಟಗಾರ ಬರಲಿರುವ ಗಳಿಗೆಯನ್ನು ಮೊದಲೇ ಎಣಿಸಿಕೊಂಡು ಅಲ್ಲಿಗೆ ತನ್ನ ಕೋಲನ್ನು ಕಳಿಸುತ್ತಾನೆ. ಜೊತೆಗಾರ ತುಸು ತಡೆದರೆ ತಾನೂ ತಡೆಯುತ್ತಾನೆ, ಆತುರಪಟ್ಟರೆ ತಾನೂ ಆತುರಪಡುತ್ತಾನೆ. ಸಂಗೀತ ಕಛೇರಿಯಲ್ಲಿ ಮೃದಂಗದವರು ಗಾಯಕರ ಉಸಿರನ್ನು ನೋಡುತ್ತ ನುಡಿಸುವುದೂ ಇದೇ ವಿದ್ಯೆ. ಇದನ್ನು ನಮಗೆ ಯಾವ ಶಾಲೆಯೂ ಕಲಿಸುವುದಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರು ಬಿಸಿಹಾಲಿನ ಲೋಟವನ್ನು ಚೆಲ್ಲದೆ ತೆಗೆದುಕೊಳ್ಳುವಾಗಲೆಲ್ಲ ನಾವು ಇದನ್ನು ಮಾಡುತ್ತಲೇ ಇರುತ್ತೇವೆ.

ಈ ಇಬ್ಬರಲ್ಲಿ ಒಬ್ಬ ಮನುಷ್ಯನಾಗಿರದೆ ಮನುಷ್ಯನಂತೆ ಕಾಣುವ ಯಂತ್ರವಾಗಿದ್ದರೆ? ಪತ್ರಿಕೆಗಳು ಇದನ್ನು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆಯೆಂಬಂತೆ ಚರ್ಚಿಸುತ್ತಿವೆ. ವಾಸ್ತವವಾಗಿ ಇದಕ್ಕೆ ಶತಮಾನಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಓದುವಾಗ ನನ್ನನ್ನು ಬೆನ್ನುಹತ್ತಿದ ಪ್ರಶ್ನೆ ಒಂದೇ: ಈ ಜೋಡಿಯಲ್ಲಿ ಯಾರು ಯಾರಿಗಾಗಿ ಕಾಯುತ್ತಾರೆ?

ಮನುಷ್ಯಾಕಾರದ ಯಂತ್ರದ ಕಲ್ಪನೆ ನಮ್ಮಲ್ಲೂ ಹಳೆಯದೇ. ಹನ್ನೊಂದನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ದ ಯಂತ್ರವಿಧಾನದ ಅಧ್ಯಾಯದಲ್ಲಿ ಮರದಿಂದ ಮಾಡಿದ ಸ್ತ್ರೀಪುರುಷ ಪ್ರತಿಮೆಗಳು ಬರುತ್ತವೆ. ಅವು ಕುಣಿಯುತ್ತವೆ, ತಾಂಬೂಲ ಕೊಡುತ್ತವೆ, ನೀರು ಚಿಮುಕಿಸುತ್ತವೆ, ವೀಣೆ ನುಡಿಸುತ್ತವೆ. ವಿದ್ವಾಂಸರಾದ ವಿ. ರಾಘವನ್ ಅವರು ಇಂಥ ಯಂತ್ರಗಳ ಉಲ್ಲೇಖಗಳನ್ನೆಲ್ಲ ಕಲೆಹಾಕಿ ಬರೆದ ಪುಸ್ತಿಕೆಯನ್ನು 1950ರ ದಶಕದಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನ ಬಸವನಗುಡಿಯ ಸಂಸ್ಥೆಯೊಂದು. ಆದರೆ ಭೋಜನ ಗ್ರಂಥ ಯಂತ್ರಗಳ ಒಳರಚನೆಯನ್ನು ಪೂರ್ತಿಯಾಗಿ ಬಿಚ್ಚಿ ಹೇಳುವುದಿಲ್ಲ. ತಿಳಿಯದೆ ಅಲ್ಲ, ಗುಟ್ಟು ಉಳಿಯಲೆಂದು ಎಂಬ ಸಮಜಾಯಿಷಿಯನ್ನೂ ಕೊಡುತ್ತದೆ. ಹೀಗಾಗಿ ತಾಂಬೂಲ ಕೊಡುವ ಆ ಬೊಂಬೆ ಅತಿಥಿಯು ಕೈಚಾಚುವವರೆಗೆ ಕಾಯುತ್ತಿತ್ತೋ ಇಲ್ಲವೋ, ಕೇಳಲು ದಾರಿಯಿಲ್ಲ. ಗುಟ್ಟು ಗುಟ್ಟಾಗಿಯೇ ಉಳಿಯಿತು, ವಿದ್ಯೆ ಉಳಿಯಲಿಲ್ಲ.

ಜಪಾನಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಟೋಸಾ ಪ್ರಾಂತದ ಹೊಸೊಕಾವಾ ಹಾನ್ಜೊ ಎಂಬಾತನ ಗ್ರಂಥವೊಂದು 1796ರಲ್ಲಿ ಅಚ್ಚಾಯಿತು. ಹೆಸರು ‘ಕರಕುರಿ ಝುಯಿ’. ಕರಕುರಿ ಎಂದರೆ ಕೀಲು, ಯಂತ್ರದ ಚಮತ್ಕಾರ ಎಂದೆಲ್ಲ ಅರ್ಥ. ಮೂರು ಭಾಗಗಳ ಈ ಪುಸ್ತಕದ ಮೊದಲ ಭಾಗ ಗಡಿಯಾರಗಳನ್ನು ಕುರಿತದ್ದು, ಉಳಿದೆರಡು ಬೊಂಬೆಗಳನ್ನು ಕುರಿತದ್ದು. ಪ್ರತಿಯೊಂದು ಚಕ್ರಕ್ಕೂ ಚಿತ್ರವಿದೆ, ಅಳತೆಯಿದೆ. ಗಡಿಯಾರ ಮತ್ತು ಬೊಂಬೆ ಒಂದೇ ಪುಸ್ತಕದಲ್ಲಿರುವುದು ಆಕಸ್ಮಿಕವಲ್ಲ. 1551ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಪಾದ್ರಿಯು ಅಲ್ಲಿನ ಒಬ್ಬ ಪ್ರಭುವಿಗೆ ಗಡಿಯಾರವೊಂದನ್ನು ಕಾಣಿಕೆಯಾಗಿ ಕೊಟ್ಟನು. ಆ ಬಗೆಯ ಗಡಿಯಾರಗಳ ಹಲ್ಲುಚಕ್ರಗಳನ್ನು ಕಲಿತ ಕುಶಲಕರ್ಮಿಗಳೇ ಮುಂದೆ ಬೊಂಬೆಗಳಿಗೂ ಹೆಜ್ಜೆ ಕೊಟ್ಟರು.

ಆ ಬೊಂಬೆಗಳಲ್ಲೆಲ್ಲ ಪ್ರಸಿದ್ಧವಾದುದು ಚಹಾ ತರುವ ಬೊಂಬೆ. ಒಂದು ಅಡಿಗಿಂತ ತುಸು ಎತ್ತರದ ಬಾಲಕ. ಮೈತುಂಬ ನಿಲುವಂಗಿ, ಕೈಯಲ್ಲಿ ತಟ್ಟೆ. ಹೊಟ್ಟೆಯೊಳಗೆ ತಿಮಿಂಗಿಲದ ಬಾಯೊಳಗಿನ ಪಟ್ಟಿಯಿಂದ ಮಾಡಿದ ಸುರುಳಿ, ಮರದ ಚಕ್ರಗಳು. ಮನೆಯ ಯಜಮಾನ ಸುರುಳಿಗೆ ಕೀಲಿ ಕೊಟ್ಟು ತಟ್ಟೆಯ ಮೇಲೆ ಚಹಾದ ಬಟ್ಟಲಿಡುತ್ತಾನೆ. ಬಟ್ಟಲಿನ ಭಾರಕ್ಕೆ ಬೊಂಬೆಯ ಕೈ ಕೂದಲೆಳೆಯಷ್ಟು ತಗ್ಗುತ್ತದೆ. ಆ ತಗ್ಗುವಿಕೆಯೇ ಒಳಗಿನ ತಡೆಯನ್ನು ಬಿಡಿಸುತ್ತದೆ. ಬಾಲಕ ತಲೆಯಾಡಿಸುತ್ತ ನಡೆದು ಅತಿಥಿಯ ಮುಂದೆ ಬರುತ್ತಾನೆ. ಅತಿಥಿ ಬಟ್ಟಲನ್ನು ಎತ್ತಿಕೊಂಡೊಡನೆ ಕೈ ಮೇಲೇಳುತ್ತದೆ, ಬಾಲಕ ನಿಲ್ಲುತ್ತಾನೆ. ಅತಿಥಿ ಎಷ್ಟು ಹೊತ್ತು ಬೇಕಾದರೂ ಚಹಾ ಹೀರಬಹುದು. ಬರಿದಾದ ಬಟ್ಟಲನ್ನು ಮತ್ತೆ ತಟ್ಟೆಯ ಮೇಲಿಟ್ಟರೆ ಬಾಲಕ ಮೈತಿರುಗಿಸಿ ಬಂದ ದಾರಿಯಲ್ಲಿ ಹಿಂದಿರುಗುತ್ತಾನೆ.

ನೋಡುವವರಿಗೆ ಇದು ಪರಮ ವಿನಯ. ಯಂತ್ರವೊಂದು ಮನುಷ್ಯನಿಗಾಗಿ ನಿಂತು ಕಾಯುತ್ತಿದೆ! ಆದರೆ ಹೊಸೊಕಾವಾನ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಬೊಂಬೆ ಎಷ್ಟು ದೂರ ನಡೆದ ಮೇಲೆ ತಿರುಗಬೇಕೆಂಬುದನ್ನು ಒಳಗಿನ ಚಕ್ರದ ಮೇಲಿನ ಗುಬುಟೊಂದು ಮೊದಲೇ ನಿಶ್ಚಯಿಸಿರುತ್ತದೆ. ಅತಿಥಿ ಎಲ್ಲಿ ಕೂತಿದ್ದಾನೆಂಬುದು ಬಾಲಕನಿಗೆ ಗೊತ್ತಿಲ್ಲ. ಯಜಮಾನ ದೂರವನ್ನು ಅಂದಾಜುಮಾಡಿ ಬೊಂಬೆಯನ್ನು ಬಿಡಬೇಕು. ಅತಿಥಿ ಸರಿಯಾದ ಎಡೆಯಲ್ಲಿ ಬಟ್ಟಲೆತ್ತಬೇಕು. ಮಾತಿನ ಭರದಲ್ಲಿ ಮರೆತನೋ, ಬಾಲಕ ಚಹಾದೊಂದಿಗೇ ಬೆನ್ನು ತಿರುಗಿಸಿ ಹೊರಟುಹೋಗುತ್ತಾನೆ. ಹೀಗೆ ಆ ಕೋಣೆಯಲ್ಲಿ ನಡೆಯುವ ಹೊಂದಾಣಿಕೆಯ ಮುಕ್ಕಾಲು ಪಾಲು ಮನುಷ್ಯರಿಬ್ಬರದು. ಬೊಂಬೆಯದು ಒಂದೇ ಒಂದು ಪಾಲು: ಕೈಮೇಲಿನ ಭಾರ ಇದೆಯೇ ಇಲ್ಲವೇ ಎಂಬ ಅರಿವು. ಆದರೆ ಆ ಒಂದು ಪಾಲು ಸಾಮಾನ್ಯವಾದದ್ದಲ್ಲ. ಲೋಟವನ್ನು ಕೈಯಿಂದ ಕೈಗೆ ದಾಟಿಸುವಾಗ ನಾವು ಹಿಡಿತ ಸಡಿಲಿಸುವುದೂ ಇದೇ ಸುಳಿವಿನಿಂದ; ಆ ಕಡೆಯವರು ಭಾರವನ್ನು ಹೊತ್ತುಕೊಂಡರೆಂದು ನಮ್ಮ ಬೆರಳು ಹೇಳುತ್ತದೆ. ಹೊಸೊಕಾವಾ ಈ ಬೆರಳಿನ ಮಾತನ್ನು ಮರದಲ್ಲಿ ಕೆತ್ತಿದ.

ಅದೇ ಶತಮಾನದ ಯೂರೋಪು ಇದಕ್ಕಿಂತ ಬಹಳ ಜಟಿಲವಾದ ಬೊಂಬೆಗಳನ್ನು ಮಾಡಿತು. ಮನುಷ್ಯನಿಗೆ ಕಿವಿಗೊಡುವ ವಿಷಯದಲ್ಲಿ ಮಾತ್ರ ಹಿಂದುಳಿಯಿತು. 1738ರಲ್ಲಿ ಪ್ಯಾರಿಸಿನಲ್ಲಿ ವೋಕಾನ್ಸನ್ ಎಂಬಾತ ಕೊಳಲು ನುಡಿಸುವ ಆಳೆತ್ತರದ ಬೊಂಬೆಯನ್ನು ಪ್ರದರ್ಶಿಸಿದ. ತಿದಿಗಳಿಂದ ಬಂದ ಗಾಳಿ ತುಟಿಯ ಮೂಲಕ ನಿಜವಾದ ಕೊಳಲಿಗೆ ಹೋಗುತ್ತಿತ್ತು, ನಿಜವಾಗಿ ಬೆರಳುಗಳು ಆಡುತ್ತಿದ್ದವು. ಅವನದೇ ಇನ್ನೊಂದು ಬೊಂಬೆ ಒಂದು ಕೈಯಲ್ಲಿ ಪಿಳ್ಳಂಗೋವಿ, ಇನ್ನೊಂದು ಕೈಯಲ್ಲಿ ಚಿಕ್ಕ ಮದ್ದಳೆ ನುಡಿಸುತ್ತಿತ್ತು. ಬದುಕಿರುವ ವಾದಕರ ನಾಲಗೆಗೆ ಸಾಧ್ಯವಾಗದ ವೇಗ ಅದಕ್ಕಿದೆಯೆಂದು ಅವನು ಹೆಮ್ಮೆಪಟ್ಟಿದ್ದಾನೆ. ಆ ಹೆಮ್ಮೆಯ ಮಾತು ನನಗೆ ಅಪಶಕುನದಂತೆ ಕೇಳುತ್ತದೆ. 1741ರಲ್ಲಿ ಫ್ರೆಂಚ್ ಸರಕಾರ ಇದೇ ವೋಕಾನ್ಸನನನ್ನು ರೇಷ್ಮೆ ಕೈಗಾರಿಕೆಯ ಪರಿವೀಕ್ಷಕನನ್ನಾಗಿ ನೇಮಿಸಿತು. 1744ರಲ್ಲಿ ಲಿಯೋನ್ ಪಟ್ಟಣದ ನೇಕಾರರು ಅವನ ಸುಧಾರಣೆಗಳ ವಿರುದ್ಧ ದಂಗೆಯೆದ್ದರು. ಅವನು ಊರು ಬಿಟ್ಟು ಓಡಬೇಕಾಯಿತು. ಬೊಂಬೆಯ ಬೆರಳಿನ ವೇಗಕ್ಕೆ ಬೆರಗಾದ ದೇಶದಲ್ಲಿ, ತಮ್ಮ ಬೆರಳಿನ ಗತಿಯನ್ನು ಇನ್ನೊಬ್ಬರು ನಿಶ್ಚಯಿಸುವುದು ನೇಕಾರರಿಗೆ ಒಪ್ಪಿಗೆಯಾಗಲಿಲ್ಲ.

ಸ್ವಿಟ್ಸರ್ಲೆಂಡಿನ ಜಾಕೆ ದ್ರೋ ಮನೆತನದವರು 1774ರಲ್ಲಿ ತೋರಿಸಿದ ವಾದಕಿ ಇನ್ನೂ ಸೋಜಿಗದವಳು. ನ್ಯೂಶಾಟೆಲ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಆಕೆ ಇಂದಿಗೂ ತನ್ನ ಬೆರಳುಗಳಿಂದಲೇ ವಾದ್ಯದ ಮನೆಗಳನ್ನು ಒತ್ತಿ ನುಡಿಸುತ್ತಾಳೆ. ನುಡಿಸುವಾಗ ಕಣ್ಣು ಹೊರಳುತ್ತದೆ, ಎದೆ ಏರಿಳಿಯುತ್ತದೆ. ನಮ್ಮ ಮೃದಂಗದವರಿಗೆ ಗಾಯಕರ ಉಸಿರು ಒಂದು ಸೂಚನೆಯಾದರೆ, ಈಕೆಯ ಉಸಿರು ಯಾರಿಗೂ ಸೂಚನೆಯಲ್ಲ, ಅದು ಅಲಂಕಾರ. ಜೊತೆಗೆ ಹಾಡುವವರೊಬ್ಬರು ತಪ್ಪಿದರೆ ಆಕೆಗೆ ಅದು ತಿಳಿಯದು.

ಇನ್ನು ನಮ್ಮ ಶ್ರೀರಂಗಪಟ್ಟಣದಿಂದ 1799ರಲ್ಲಿ ಲೂಟಿಯಾಗಿ ಲಂಡನ್ನಿಗೆ ಹೋದ ಟಿಪ್ಪುವಿನ ಹುಲಿ. ಹುಲಿಯ ಕೆಳಗೆ ಬಿದ್ದಿರುವ ಬಿಳಿಯ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತದೆ, ಬಾಯಿಂದ ಆರ್ತನಾದ ಬರುತ್ತದೆ. ಆದರೆ ಪಕ್ಕದ ಹಿಡಿಯನ್ನು ಯಾರಾದರೂ ತಿರುಗಿಸಬೇಕು, ತಿರುಗಿಸಿದಷ್ಟೇ ಕೂಗು. ಕಂಪನಿಯ ಸಂಗ್ರಹಾಲಯಕ್ಕೆ ಬಂದವರು ಹಿಡಿಯನ್ನು ತಿರುಗಿಸಿ ತಿರುಗಿಸಿ, ಪಕ್ಕದ ಪುಸ್ತಕಾಲಯದಲ್ಲಿ ಓದುತ್ತಿದ್ದವರಿಗೆ ತಲೆಚಿಟ್ಟು ಹಿಡಿಸುತ್ತಿದ್ದರಂತೆ. ಇಲ್ಲಿ ಗತಿಯೆಲ್ಲ ಮನುಷ್ಯನದೇ. ವೋಕಾನ್ಸನನ ಬೊಂಬೆಯಲ್ಲಿ ಗತಿಯೆಲ್ಲ ಯಂತ್ರದ್ದೇ. ಇಬ್ಬರೂ ಸೇರಿ ಗತಿಯನ್ನು ಹುಟ್ಟಿಸುವುದು ಎರಡರಲ್ಲಿಯೂ ಇಲ್ಲ.

ಹಾಗಾದರೆ ಆ ಕಾಲದಲ್ಲಿ ಎದುರಾಳಿಯನ್ನು ನೋಡಿ, ಅವನಿಗೆ ಕಾದು, ಅವನ ನಡೆಗೆ ತಕ್ಕಂತೆ ಕೈಯಾಡಿಸಿದ ಬೊಂಬೆ ಒಂದೂ ಇರಲಿಲ್ಲವೆ? ಒಂದಿತ್ತು. 1770ರಲ್ಲಿ ವಿಯನ್ನಾದ ಅರಮನೆಯಲ್ಲಿ ಕೆಂಪೆಲೆನ್ ಎಂಬ ಅಧಿಕಾರಿ ರಾಣಿ ಮರಿಯಾ ತೆರೇಸಾಳಿಗೆ ಚದುರಂಗವಾಡುವ ಬೊಂಬೆಯೊಂದನ್ನು ತೋರಿಸಿದ. ಮುಂಡಾಸು ತೊಟ್ಟ ತುರ್ಕನ ವೇಷ, ಮುಂದೆ ದೊಡ್ಡ ಪೆಟ್ಟಿಗೆ, ಅದರ ಮೇಲೆ ಹಾಸು. ಎದುರಾಳಿ ಕಾಯಿ ನಡೆಸುವವರೆಗೆ ಅದು ಸುಮ್ಮನಿರುತ್ತಿತ್ತು, ಆಮೇಲೆ ಕೈಚಾಚಿ ತನ್ನ ಕಾಯಿ ನಡೆಸುತ್ತಿತ್ತು. 1809ರಲ್ಲಿ ನೆಪೋಲಿಯನ್ ಬೇಕೆಂದೇ ತಪ್ಪು ನಡೆಗಳನ್ನು ನಡೆಸಿದನೆಂದೂ, ಬೊಂಬೆ ಮೊದಲು ಕಾಯಿಯನ್ನು ಹಿಂದಕ್ಕಿಟ್ಟು, ಕೊನೆಗೆ ಸಿಟ್ಟಿನಿಂದ ಎಲ್ಲ ಕಾಯಿಗಳನ್ನೂ ಕೆಡವಿತೆಂದೂ ಕಥೆಯಿದೆ. ಸಿಟ್ಟು ಬಂದದ್ದು ಸಹಜ. ಪೆಟ್ಟಿಗೆಯೊಳಗೆ ನುರಿತ ಆಟಗಾರನೊಬ್ಬ ಮೇಣದಬತ್ತಿಯ ಬೆಳಕಿನಲ್ಲಿ ಮುದುಡಿ ಕೂತಿರುತ್ತಿದ್ದ. ಕಾಯಿಗಳಲ್ಲಿದ್ದ ಅಯಸ್ಕಾಂತಗಳಿಂದ ಮೇಲಿನ ನಡೆ ಅವನಿಗೆ ಗೊತ್ತಾಗುತ್ತಿತ್ತು. ಮನುಷ್ಯನಿಗಾಗಿ ನಿಜವಾಗಿ ಕಾಯಬಲ್ಲ ಯಂತ್ರ ಬೇಕಾದಾಗ, ಅದರೊಳಗೆ ಮನುಷ್ಯನನ್ನೇ ಕೂರಿಸಬೇಕಾಯಿತು.

ಈ ತುರ್ಕನನ್ನು ಮುಂದೆ ಕೊಂಡುಕೊಂಡವನು ಮೆಲ್ಸೆಲ್. ಸಂಗೀತ ಬಲ್ಲವರಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. 1815ರಲ್ಲಿ ತಾಳಮಾಪಕಕ್ಕೆ, ಅಂದರೆ ಮೆಟ್ರೊನೋಮಿಗೆ, ಹಕ್ಕುಪತ್ರ ಪಡೆದವನು ಅವನೇ. ಅದರ ಮೂಲ ತಂತ್ರ ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್ ಎಂಬಾತನದು. ಎಂಥ ವಿಚಿತ್ರ ಜೋಡಿ ನೋಡಿ. ಒಬ್ಬನೇ ವ್ಯಾಪಾರಿಯ ಒಂದು ಕೈಯಲ್ಲಿ ಮನುಷ್ಯನನ್ನು ಬಚ್ಚಿಟ್ಟುಕೊಂಡು ಕಾಯುವ ಬೊಂಬೆ, ಇನ್ನೊಂದು ಕೈಯಲ್ಲಿ ಯಾರಿಗೂ ಕಾಯದೆ ಟಿಕ್ ಟಿಕ್ಕೆನ್ನುವ ಪೆಟ್ಟಿಗೆ. ತುರ್ಕ 1854ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ತುತ್ತಾದ. ಪೆಟ್ಟಿಗೆ ಉಳಿಯಿತು. ಅದರ ಮುಂದೆ ಕೂತ ಕೋಟ್ಯಂತರ ಮಕ್ಕಳು ತಮ್ಮ ಬೆರಳನ್ನು ಅದಕ್ಕೆ ಹೊಂದಿಸಿಕೊಂಡರು.

ಈ ಚರಿತ್ರೆ ನಿಜವಾಗಿ ತಿರುಗಿದ್ದು ಟೋಕಿಯೋದ ವಾಸೆಡಾ ವಿಶ್ವವಿದ್ಯಾಲಯದಲ್ಲಿ. ಪ್ರಾಧ್ಯಾಪಕ ಕಾಟೊ ಇಚಿರೊ ಮತ್ತು ಅವರ ಸಂಗಡಿಗರು 1973ರಲ್ಲಿ ಎರಡು ಕಾಲಿನ ಮೇಲೆ ನಡೆಯುವ ಯಂತ್ರಮಾನವನೊಂದನ್ನು ಸಿದ್ಧಪಡಿಸಿದರು. ಹೆಸರು ವಾಬಾಟ್. ಒಂದು ಹೆಜ್ಜೆ ಇಡಲು ಅದಕ್ಕೆ ಮುಕ್ಕಾಲು ನಿಮಿಷ ಬೇಕಾಗುತ್ತಿತ್ತು! ಅದರ ಜೊತೆ ನಡೆಯಲು ಹೊರಟವನಿಗೆ ಋಷಿಗಳ ತಾಳ್ಮೆ ಬೇಕು. ಅದೇ ತಂಡ 1984ರಲ್ಲಿ ಎರಡನೆಯ ವಾಬಾಟನ್ನು ತಂದಿತು. ಅದು ನಡೆಯುವ ಯಂತ್ರವಲ್ಲ, ವಿದ್ಯುತ್ ಆರ್ಗನ್ನಿನ ಮುಂದೆ ಕೂತು ಹತ್ತು ಬೆರಳು, ಎರಡು ಕಾಲುಗಳಿಂದ ನುಡಿಸುವ ಯಂತ್ರ. ಕ್ಯಾಮೆರಾದ ಕಣ್ಣಿನಿಂದ ಸ್ವರಲಿಪಿಯನ್ನು ಓದುತ್ತಿತ್ತು. ಇಷ್ಟೇ ಆಗಿದ್ದರೆ ಅದನ್ನು ಸ್ವಿಟ್ಸರ್ಲೆಂಡಿನ ವಾದಕಿಯ ಮೊಮ್ಮಗಳೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಇದು ಹಾಡುವವರ ದನಿಯನ್ನು ಕೇಳುತ್ತಿತ್ತು. ಗಾಯಕ ಲಿಪಿಯಲ್ಲಿ ಎಲ್ಲಿದ್ದಾನೆಂದು ಗುರುತಿಸಿಕೊಂಡು, ಅವನು ಎಳೆದಲ್ಲಿ ತಾನೂ ಎಳೆದು, ಅವನ ಗತಿಗೆ ತನ್ನ ಬೆರಳನ್ನು ಹೊಂದಿಸುತ್ತಿತ್ತು. ಅಂದರೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಪಕ್ಕವಾದ್ಯ ನುಡಿಸಿತು.

ನನ್ನ ಮಟ್ಟಿಗೆ ಇದು ಚಂದ್ರನ ಮೇಲೆ ಕಾಲಿಟ್ಟದ್ದಕ್ಕಿಂತ ಕಡಮೆಯ ಘಟನೆಯಲ್ಲ. ಪ್ಯಾರಿಸಿನ ಕೊಳಲಿನ ಬೊಂಬೆಯಿಂದ ಎಣಿಸಿದರೆ ಸುಮಾರು ಎರಡೂವರೆ ಶತಮಾನಗಳ ಮೇಲೆ ವಾದಕ ಬೊಂಬೆಗೆ ಕಿವಿ ಬಂದಿತು. ಅದೇ 1984ರಲ್ಲಿ, ಪ್ಯಾರಿಸಿನಲ್ಲಿಯೇ ನಡೆದ ಗಣಕಸಂಗೀತದ ಸಮ್ಮೇಳನದಲ್ಲಿ ಡ್ಯಾನೆನ್‌ಬರ್ಗ್ ಮತ್ತು ವರ್ಕೊ ಎಂಬಿಬ್ಬರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ವಾದಕನನ್ನು ಹಿಂಬಾಲಿಸುವ ಗಣಕದ ವಿಧಾನಗಳನ್ನು ಮಂಡಿಸಿದರು. ವರ್ಕೊ ಪ್ರಯೋಗಕ್ಕೆ ಆರಿಸಿಕೊಂಡ ವಾದ್ಯವೂ ಕೊಳಲೇ; ಈ ಸಲ ಕೊಳಲು ಮನುಷ್ಯನ ಕೈಯಲ್ಲಿತ್ತು.

ದನಿಯನ್ನು ಹಿಂಬಾಲಿಸುವುದು ಒಂದು, ಮೈಯನ್ನು ಹಿಂಬಾಲಿಸುವುದು ಇನ್ನೊಂದು. ದನಿ ತಪ್ಪಿದರೆ ರಸಭಂಗ, ಮೈ ತಪ್ಪಿದರೆ ಮೂಳೆಭಂಗ. ಜಪಾನಿನ ಟೊಹೊಕು ವಿಶ್ವವಿದ್ಯಾಲಯದ ಕೊಸುಗೆ ಕಾಜುಹಿರೊ ಅವರ ತಂಡ ಈ ಕಷ್ಟವನ್ನು ಎದುರಿಸಲು ಆರಿಸಿಕೊಂಡದ್ದು ಪಾಶ್ಚಾತ್ಯರ ಜೋಡಿನೃತ್ಯವಾದ ವಾಲ್ಟ್ಸನ್ನು. 2005ರ ಐಚಿ ವಸ್ತುಪ್ರದರ್ಶನದಲ್ಲಿ ಜನ ಅವರ ಯಂತ್ರನರ್ತಕಿಯನ್ನು ಕಂಡರು. ಮೇಲೆ ಹೆಣ್ಣಿನ ಆಕಾರ. ಕೆಳಗೆ ಯಾವ ದಿಕ್ಕಿಗಾದರೂ ಸರಿಯಬಲ್ಲ ಗಾಲಿಗಳು. ವಾಲ್ಟ್ಸ್ ನೃತ್ಯದಲ್ಲಿ ಗಂಡು ಮುನ್ನಡೆಸುತ್ತಾನೆ, ಹೆಣ್ಣು ಅನುಸರಿಸುತ್ತಾಳೆ. ಮುಂದಿನ ಹೆಜ್ಜೆ ಯಾವುದೆಂದು ಅವನು ಬಾಯಿಬಿಟ್ಟು ಹೇಳುವುದಿಲ್ಲ, ತೋಳಿನ, ಎದೆಯ ಒತ್ತಡದಲ್ಲಿ ಹೇಳುತ್ತಾನೆ. ಯಂತ್ರದ ಸೊಂಟದಲ್ಲಿದ್ದ ಸಂವೇದಕ ಆ ಒತ್ತಡವನ್ನು ಅಳೆಯುತ್ತಿತ್ತು. ಈಗ ಇಟ್ಟ ಹೆಜ್ಜೆಯ ಮೇಲೆ ನಿಯಮದ ಪ್ರಕಾರ ಯಾವ ಯಾವ ಹೆಜ್ಜೆಗಳು ಬರಬಹುದೆಂಬುದು ಅದಕ್ಕೆ ಗೊತ್ತಿತ್ತು; ಅವುಗಳಲ್ಲಿ ಯಾವುದು ಬರಲಿದೆಯೆಂದು ಒತ್ತಡದಿಂದ ಊಹಿಸಿ ಜೊತೆಗೇ ಸರಿಯುತ್ತಿತ್ತು. ಊಹೆ, ಆಮೇಲೆ ತಿದ್ದುಪಡಿ. ಕೋಲಾಟದ ವಿದ್ಯೆಯೂ ಇದೇ. ಚಹಾ ತಂದ ಬಾಲಕನಿಗೆ ಭಾರ ಉಂಟು, ಇಲ್ಲ ಎಂಬ ಎರಡೇ ಮಾತು ಗೊತ್ತಿದ್ದವು. ಈಕೆಗೆ ಭಾರದ ದಿಕ್ಕೂ ಪ್ರಮಾಣವೂ ಅರ್ಥವಾಗುತ್ತಿತ್ತು.

ಮೂರು ವರ್ಷಗಳ ಮೇಲೆ, 2008ರ ಮೇ ತಿಂಗಳಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಇದಕ್ಕೆ ತೀರ ವಿರುದ್ಧವಾದ ದೃಶ್ಯ ನಡೆಯಿತು. ಅಸಿಮೊ ಎಂಬ ಪ್ರಸಿದ್ಧ ಜಪಾನೀ ಯಂತ್ರಮಾನವ ಅಲ್ಲಿನ ವಾದ್ಯಮೇಳದ ಮುಂದೆ ನಿಂತು ಕೈಯಾಡಿಸಿ ಮೇಳವನ್ನು ನಡೆಸಿತು. ಕೈಯ ಚಲನೆಗಳನ್ನು ಒಬ್ಬ ಮನುಷ್ಯ ನಿರ್ದೇಶಕರಿಂದ ಮೊದಲೇ ಎತ್ತಿಕೊಂಡು ಅದರೊಳಗೆ ತುಂಬಲಾಗಿತ್ತು. ಅದಕ್ಕೆ ಮೇಳದ ನಾದ ಕೇಳುತ್ತಿರಲಿಲ್ಲ. ಅಭ್ಯಾಸದ ವೇಳೆಯಲ್ಲಿ ಅದು ಗತಿಯನ್ನು ತಗ್ಗಿಸಿದಾಗ ವಾದಕರಿಗೆ ಎಡೆ ತಪ್ಪಿತು. ಮನುಷ್ಯ ನಿರ್ದೇಶಕನಾಗಿದ್ದರೆ ಒಡನೆಯೇ ಅರಿತು ಸರಿಪಡಿಸುತ್ತಿದ್ದ, ಅದಕ್ಕೆ ಅರಿವಾಗಲಿಲ್ಲ. ಸಭೆ ಕರತಾಡನ ಮಾಡಿತು. ವಾಸೆಡಾದ ವಾದಕನಿಗಿಂತ ಕಾಲು ಶತಮಾನ ಕಿರಿಯವನಾದರೂ ಈತ ಕಿವಿಯ ವಿಷಯದಲ್ಲಿ ವೋಕಾನ್ಸನನ ಕಾಲದವನೇ.

ಇದೆಲ್ಲ ರಂಗದ ಮೇಲಿನ ವಿನೋದವಾಯಿತೆನ್ನಬಹುದು. ರಂಗದಿಂದಾಚೆ, ಯಾರು ಕಾಯಬೇಕೆಂಬ ಪ್ರಶ್ನೆಗೆ ಜೀವವೇ ಬೆಲೆಯಾಗಿದೆ. 1961ರಿಂದ ಅಮೆರಿಕದ ಕಾರ್ಖಾನೆಗಳಿಗೆ ಯಂತ್ರಭುಜಗಳು ಬಂದವು: ಪೂರ್ಣ ಮನುಷ್ಯಾಕಾರವಲ್ಲ, ತೋಳೊಂದೇ. 1979ರ ಜನವರಿಯಲ್ಲಿ ಮಿಚಿಗನ್ ರಾಜ್ಯದ ಎರಕದ ಕಾರ್ಖಾನೆಯೊಂದರಲ್ಲಿ ಸಾಮಾನು ತರಲು ಕಪಾಟಿನ ಬಳಿಗೆ ಹೋದ ಕಾರ್ಮಿಕನೊಬ್ಬನಿಗೆ ಅಂಥ ಭುಜ ಬಡಿದು ಅವನು ಅಲ್ಲಿಯೇ ಸತ್ತ. ಮನುಷ್ಯನ ತೋಳು ಚಾಚುವ ಮೊದಲು ಕಣ್ಣು ಆ ಕಡೆಗೆ ಹೊರಳುತ್ತದೆ, ಹೆಗಲು ಬಾಗುತ್ತದೆ. ನೃತ್ಯದಲ್ಲಿ ಹಸ್ತವನ್ನು ದೃಷ್ಟಿ ಹಿಂಬಾಲಿಸಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ದಿನದ ಬಾಳಿನಲ್ಲಿ ದೃಷ್ಟಿಯೇ ಮುಂದು, ಹಸ್ತ ಹಿಂದು. ಆ ಸುಳಿವನ್ನು ಓದಿಯೇ ನಾವು ಸಂದಣಿಯಲ್ಲಿ ಒಬ್ಬರಿಗೊಬ್ಬರು ತಾಗದೆ ನಡೆಯುತ್ತೇವೆ. ಕಣ್ಣಿಲ್ಲದ, ಹೆಗಲಿಲ್ಲದ ತೋಳು ಯಾವ ಸುಳಿವನ್ನೂ ಕೊಡದೆ ಬಂದಿತು. ಅಂಥ ತೋಳುಗಳನ್ನು ಕಬ್ಬಿಣದ ಬೇಲಿಯೊಳಗಿಡುವುದೇ ಕಾರ್ಖಾನೆಗಳ ಪದ್ಧತಿಯಾಯಿತು. ಬೇಲಿಯಿಲ್ಲದೆ ಮನುಷ್ಯನೂ ಯಂತ್ರವೂ ಒಟ್ಟಿಗೆ ದುಡಿಯಬೇಕಾದರೆ ಯಂತ್ರ ಎಷ್ಟು ಬಲದಿಂದ ತಾಗಬಹುದೆಂದು 2016ರ ಅಂತರರಾಷ್ಟ್ರೀಯ ನಿಯಮಾವಳಿಯೊಂದು ಲೆಕ್ಕ ಹಾಕಿದೆ. ಹಣೆಯಿಂದ ಮೀನಖಂಡದವರೆಗೆ ನಮ್ಮ ದೇಹವನ್ನು 29 ಎಡೆಗಳಾಗಿ ವಿಂಗಡಿಸಿದ ಪಟ್ಟಿ ಅದರಲ್ಲಿದೆ. ಮಹಾಕಾವ್ಯಗಳ ಅಂಗಾಂಗವರ್ಣನೆಯನ್ನು ಪಾಠ ಹೇಳಿದವನಿಗೆ ಈ ಹೊಸ ನಖಶಿಖಾಂತ ವರ್ಣನೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ.

ನನ್ನ ವಯಸ್ಸಿನವರಿಗೆ ನೃತ್ಯಕ್ಕಿಂತ ಹತ್ತಿರದ ಇನ್ನೊಂದು ಪ್ರಯೋಗವಿದೆ. ಜಪಾನಿನ ರಿಕೆನ್ ಸಂಶೋಧನ ಸಂಸ್ಥೆ 2009ರಲ್ಲಿ ರೋಗಿಯನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವ ಯಂತ್ರವನ್ನು ತೋರಿಸಿತು. ಮನುಷ್ಯನಂತೆ ಎರಡು ತೋಳು. ರೋಗಿ ಹೆದರದಿರಲೆಂದು ಕರಡಿಮರಿಯ ಮುಖ. ದಾದಿಯು ಅದರ ತೋಳನ್ನು ಮೆಲ್ಲಗೆ ಮುಟ್ಟಿ ಒತ್ತಿದ ಕಡೆಗೆ ಅದು ಸರಿಯುತ್ತಿತ್ತು. 61 ಕಿಲೋ ತೂಕದವರೆಗೆ ಎತ್ತುತ್ತಿತ್ತು. ಆದರೆ ಎತ್ತಿಸಿಕೊಳ್ಳುವವನದೂ ಒಂದು ಕೆಲಸವಿದೆ. ಮಗುವನ್ನು ಎತ್ತಿಕೊಂಡವರಿಗೆ ಗೊತ್ತು: ಎಚ್ಚರವಿರುವ ಮಗು ಮೈಯನ್ನು ಹಗುರಮಾಡಿ ಎತ್ತುವವರಿಗೆ ನೆರವಾಗುತ್ತದೆ, ನಿದ್ದೆಹೋದ ಮಗು ಭಾರ. ಲಕ್ವ ಹೊಡೆದ ಮುದುಕನ ಮೈ ಅತ್ತ ನಿದ್ದೆಯೂ ಅಲ್ಲ, ಇತ್ತ ಎಚ್ಚರವೂ ಅಲ್ಲ. ಅದು ಗಳಿಗೆಗೊಂದು ರೀತಿಯಲ್ಲಿ ಬಿಗಿಯುತ್ತದೆ, ಸಡಿಲುತ್ತದೆ. ಅದಕ್ಕೆ ಕಾದು, ಅದರ ಜೊತೆಗೇ ಏಳುವುದನ್ನು ಯಂತ್ರಕ್ಕೆ ಕಲಿಸುವುದು ವಾಲ್ಟ್ಸ್ ಕಲಿಸಿದಷ್ಟು ಸುಲಭವಲ್ಲ. ಆ ಕರಡಿಯೂ, ಅದರ ತರುವಾಯ 2015ರಲ್ಲಿ ಬಂದ ಅದರ ತಮ್ಮನೂ ಪ್ರಯೋಗಶಾಲೆಯಲ್ಲೇ ಉಳಿದುವು, ಮನೆಗಳಿಗೆ ಬರಲಿಲ್ಲ.

2025ರ ಜನವರಿಯಲ್ಲಿ ಚೀನಾದ ಹೊಸವರ್ಷದ ದೂರದರ್ಶನ ಕಾರ್ಯಕ್ರಮದಲ್ಲಿ ಹದಿನಾರು ಯಂತ್ರಮಾನವರು ನರ್ತಕಿಯರ ಜೊತೆಗೆ ಕರವಸ್ತ್ರ ತಿರುಗಿಸುತ್ತ ಜಾನಪದ ನೃತ್ಯ ಮಾಡಿದುದನ್ನು ಅನೇಕರು ನೋಡಿರಬಹುದು. ಹೆಜ್ಜೆ ಒಂದೂ ತಪ್ಪದಂತೆ ಕಂಡಿತು. ನಾನು ನರ್ತಕಿಯರ ಕಣ್ಣುಗಳನ್ನು ನೋಡುತ್ತಿದ್ದೆ. ಅದೇ ವರ್ಷದ ಏಪ್ರಿಲ್ 19ರಂದು ಬೀಜಿಂಗಿನಲ್ಲಿ ಯಂತ್ರಮಾನವರೂ ಮನುಷ್ಯರೂ ಒಂದೇ ದಿನ ಇಪ್ಪತ್ತೊಂದು ಕಿಲೋಮೀಟರ್ ಓಡಿದರು; ಇಬ್ಬರ ದಾರಿಗಳ ನಡುವೆ ತಡೆಯಿತ್ತು. ಒಂದು ಯಂತ್ರ ಹೊರಡುವ ಗೆರೆಯಲ್ಲಿಯೇ ಬಿತ್ತು. ಇನ್ನೊಂದು ತಡೆಗೆ ಬಡಿದು, ತನ್ನನ್ನು ನಡೆಸುತ್ತಿದ್ದವನನ್ನೂ ಕೆಡವಿತು. ಯಂತ್ರಗಳಲ್ಲಿ ಮೊದಲನೆಯದಾಗಿ ಗುರಿಮುಟ್ಟಿದ ‘ತಿಯಾನ್‌ಗಾಂಗ್’ಗೆ ಎರಡು ಗಂಟೆ ನಲವತ್ತು ನಿಮಿಷ ನಲವತ್ತೆರಡು ಸೆಕೆಂಡು ಹಿಡಿಯಿತು, ಮನುಷ್ಯರಲ್ಲಿ ಗೆದ್ದವನು ಒಂದು ಗಂಟೆ ಎರಡು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದ್ದ. ದಾರಿಯಲ್ಲಿ ತಿಯಾನ್‌ಗಾಂಗ್ ಒಮ್ಮೆ ಬಿದ್ದೆದ್ದಿತು, ಮೂರು ಸಲ ಅದರ ಬ್ಯಾಟರಿ ಬದಲಾಯಿಸಿದರು. ಅದಕ್ಕೆ ದಾರಿ ತೋರಿದವನು ಅದರ ಮುಂದೆ ಓಡುತ್ತಿದ್ದ ಒಬ್ಬ ಮನುಷ್ಯ. ಅವನ ಬೆನ್ನಿಗೆ ಸಂಕೇತ ಕಳಿಸುವ ಸಣ್ಣ ಪೆಟ್ಟಿಗೆಯೊಂದನ್ನು ಕಟ್ಟಿದ್ದರು, ಅದನ್ನು ಹಿಡಿದು ಯಂತ್ರ ಹಿಂದೆ ಹಿಂದೆ ಬಂದಿತು.